ಬೀಗಕ್ಕೆ ಬೀಗ ಕಾದ ಕಥೆ

ನಿಗಡಿಯ ಪ್ರಾಧಿಕರಣದಲ್ಲಿ ನಾವಿರುವ ಕಟ್ಟಡದಲ್ಲಿ ಕನ್ನಡದ ಮನೆಗಳು ನಾಲ್ಕು. ನೆಲಮಹಡಿಯ ಮನೆ ಅಥಣಿಯ ಕಡೆಯ ಕಾಕು ಅವರದು. ಅವರ ಯಜಮಾನರು ಪಿಂಪ್ರಿಯ ಕಾರಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ಮಗ ತಳವಡೆಯ ಸಾಫ್ಟ್‌ವೇರ್ ಪಾರ್ಕಿನಲ್ಲಿ ಕೆಲಸಕ್ಕಿದ್ದಾನೆ. ಕಳೆದ ಶ್ರಾವಣದ ಒಂದು ಸಂಜೆ ನಾವು ಕಚೇರಿಯಿಂದ ಬಂದು ಮೆಟ್ಟಿಲು ಹತ್ತುವಾಗ ಕಾಕು ತಡೆದು ನಿಲ್ಲಿಸಿದರು.

"ತಮ್ಮಾ, ನೀ ಸೈನ್ಸ್ ಕಲ್ತಾಂವ ಇದ್ದಿ. ನನ್ನ ಮಗಾ ಹನ್ನೊಂದ ದಿನ ಆತು, ನಡುರಾತ್ರಿಗೆ ಮನಿಗೆ ಬರ್ತಾನ. ಕೇಳಿದ್ರ, ಅವ್ವಾ, ಮೆಮೊರಿ ಲಾಕ್ ಆಗಿ ಮಷಿನ್ ಹ್ಯಾಂಗ್ ಆಗ್ಲಿಕ್ಹತ್ತೇದ ಅಂತಾನ. ಕೆಟ್ಟಿದ್ರ ಮ್ಯಾಲಿನವ್ರಿಗೆ ಹೇಳಿ ಹೊಸಾದು ತರಸಬಾರದೇನು?"

"ಕಾಕು, ಅದು ಕೆಟ್ಟಿರೂದಿಲ್ಲ," ಎಂದೆವು.

"ಕೆಟ್ಟಿಲ್ಲಂದ್ರ ಯಾಕ ನಿಂತೇದ?"

ನಿಂತ ನಿಲುವಿನಲ್ಲೇ ಈ ಪ್ರಶ್ನೆಗೆ ಉತ್ತರ ಹೇಳಲು ನಮ್ಮಿಂದಾಗಲಿಲ್ಲ. ಧಾರವಾಡದಲ್ಲಿ ಬಿ.ಎಸ್‌ಸಿ. ಮಾಡಿ ಇಪ್ಪತ್ತು ವರ್ಷಗಳಿಂದ ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಗುಮಾಸ್ತಿಕೆ ಮಾಡುತ್ತಿರುವ ನಮಗೆ ಗಣಕಯಂತ್ರವೆಂದರೆ ಎದುರಿಗಿರುವ ಪರದೆ ಮತ್ತು ಕೀಲಿಮಣೆ, ಅಷ್ಟೆ. ಆದರೂ ಪ್ರಶ್ನೆ ಮನಸ್ಸಿನಿಂದ ಹೋಗಲಿಲ್ಲ. ರಜಾದಿನಗಳಲ್ಲಿ ಓದಿ, ಕಾಕುಗಳ ಮಗನನ್ನೂ ಕೇಳಿ ತಿಳಿದುಕೊಂಡುದನ್ನು ನಮ್ಮ ವಾಚಕರ ಮುಂದಿಡುತ್ತಿದ್ದೇವೆ. ಸಂಘದ ಎಷ್ಟೋ ಮನೆಗಳಲ್ಲಿ ಮಕ್ಕಳು ಇದೇ ಬಗೆಯ ಕೆಲಸದಲ್ಲಿದ್ದಾರೆ. ಅವರು ರಾತ್ರಿಯೆಲ್ಲ ಏನು ಹುಡುಕುತ್ತಾರೆಂಬುದು ತಂದೆತಾಯಿಗಳಿಗೆ ತಿಳಿದಿರಬೇಕು.

ಬೀಗ ಏಕೆ ಬೇಕು?

ಗಣಕಯಂತ್ರದೊಳಗೆ ಒಂದೇ ಹೊತ್ತಿಗೆ ನೂರಾರು ಕೆಲಸಗಳು ಸಾಗುತ್ತಿರುತ್ತವೆ. ಅವುಗಳಿಗೆಲ್ಲ ಸರದಿ ಕೊಟ್ಟು, ಸ್ಮರಣಕೋಶದಲ್ಲಿ, ಎಂದರೆ ಮೆಮೊರಿಯಲ್ಲಿ, ಜಾಗ ಹಂಚಿ, ಜಗಳವಾಗದಂತೆ ನೋಡಿಕೊಳ್ಳುವ ವ್ಯವಸ್ಥೆಗೆ ಆಪರೇಟಿಂಗ್ ಸಿಸ್ಟಂ ಎಂದು ಹೆಸರು. ಅದರ ತಿರುಳು ಕರ್ನೆಲ್. ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ ಕರ್ನೆಲ್ ಎಂದರೆ ಹೆಡ್ ಕ್ಲಾರ್ಕ್. ಯಾವ ಕಡತ ಯಾರ ಮೇಜಿಗೆ, ಯಾವ ಕಪಾಟು ಯಾರಿಗೆ ಎಂಬುದೆಲ್ಲ ಅವನ ಕೈಯಲ್ಲಿ.

ಒಂದು ಲೆಕ್ಕದ ಪುಸ್ತಕವನ್ನು ನೆನೆಯಿರಿ. ಶಿಲ್ಕು 500 ರೂಪಾಯಿ ಇದೆ. ಇಬ್ಬರು ಗುಮಾಸ್ತರು ಒಂದೇ ಕ್ಷಣದಲ್ಲಿ ಅದನ್ನು ನೋಡಿಕೊಂಡರು. ಒಬ್ಬ 100 ಕೂಡಿಸಿ 600 ಎಂದು ಬರೆದ. ಇನ್ನೊಬ್ಬ ತಾನು ಮೊದಲು ನೋಡಿದ 500ಕ್ಕೆ 200 ಕೂಡಿಸಿ 700 ಎಂದು ಅದರ ಮೇಲೆಯೇ ಬರೆದ. ಇರಬೇಕಾದುದು 800. ನೂರು ರೂಪಾಯಿ ಮಾಯ! ಇಬ್ಬರ ಕೂಡಿಕೆಯೂ ಸರಿ, ಪುಸ್ತಕ ಮಾತ್ರ ತಪ್ಪು. ಆದ್ದರಿಂದ ಒಬ್ಬ ಬರೆಯುವಷ್ಟು ಹೊತ್ತು ಮತ್ತೊಬ್ಬ ಆ ಪುಟ ಮುಟ್ಟಬಾರದೆಂದು ಒಂದು ಬೀಗ. ಬರೆದವನು ಬೀಗ ತೆಗೆದ ಮೇಲೆ ಕಾಯುತ್ತಿದ್ದವನ ಸರದಿ. ಗಣಕಯಂತ್ರದ ಸ್ಮರಣಕೋಶಕ್ಕೂ ಇಂಥವೇ ಬೀಗಗಳು. ಇವು ಕಬ್ಬಿಣದವಲ್ಲ, 'ಇದು ಈಗ ನನ್ನ ಕೈಯಲ್ಲಿದೆ' ಎಂಬ ಗುರುತು ಮಾತ್ರ.

ಬೀಗ ಒಂದೇ ಇದ್ದರೆ ತೊಂದರೆಯಿಲ್ಲ. ಎರಡಾದರೆ?

ನಮ್ಮ ಕಚೇರಿಯ ಒಂದು ಕಡತದ ಸಂಗತಿ ಹೇಳುತ್ತೇವೆ. ಸೇವೆಯಲ್ಲಿದ್ದಾಗಲೇ ತೀರಿಕೊಂಡ ಸಿಪಾಯಿಯೊಬ್ಬರ ಹೆಂಡತಿಗೆ ಕುಟುಂಬ ಪಿಂಚಣಿ ಸಿಗಬೇಕಾಗಿತ್ತು. ಸಿಬ್ಬಂದಿ ಶಾಖೆಯ ಬಳಿ ಅವರ ಸೇವಾ ಪುಸ್ತಕವಿತ್ತು. ಲೆಕ್ಕ ಶಾಖೆಯಿಂದ ಬಾಕಿ ಇಲ್ಲವೆಂಬ ಪತ್ರ ಬಂದ ಹೊರತು ಪುಸ್ತಕವನ್ನು ಹೊರಗೆ ಕಳಿಸುವಂತಿಲ್ಲ ಎಂದು ಅವರು. ಲೆಕ್ಕ ಶಾಖೆಯ ಬಳಿ ಮುಂಗಡ ಸಾಲದ ಕಡತವಿತ್ತು. ಸೇವಾ ಪುಸ್ತಕ ನೋಡಿ ತಾಳೆ ಹಾಕಿದ ಹೊರತು ಬಾಕಿ ಇಲ್ಲವೆಂಬ ಪತ್ರ ಕೊಡುವಂತಿಲ್ಲ ಎಂದು ಇವರು. ಎರಡೂ ಶಾಖೆಯವರು ನಿಯಮ ಬಲ್ಲವರು. ಲಂಚ ಕೇಳಲಿಲ್ಲ, ಸೋಮಾರಿತನ ಮಾಡಲಿಲ್ಲ. ಪ್ರತಿ ತಿಂಗಳೂ ತಪ್ಪದೆ ಒಬ್ಬರಿಗೊಬ್ಬರು ಸ್ಮರಣಪತ್ರ ಬರೆದರು. ಏಳು ತಿಂಗಳು ಹೋಯಿತು. ಆ ಹೆಣ್ಣುಮಗಳು ತಿಂಗಳಿಗೊಮ್ಮೆ ಹಳ್ಳಿಯಿಂದ ಬಸ್ಸಿನಲ್ಲಿ ಬಂದು, ಬಾಗಿಲ ಬಳಿಯ ಬೆಂಚಿನ ಮೇಲೆ ಊಟದ ಹೊತ್ತಿನವರೆಗೆ ಕೂತು, ಎದ್ದು ಹೋಗುತ್ತಿದ್ದರು.

ಇದೇ ಹ್ಯಾಂಗ್. ಇಂಗ್ಲಿಷಿನಲ್ಲಿ ಇದಕ್ಕೆ ಡೆಡ್‌ಲಾಕ್ ಎನ್ನುತ್ತಾರೆ. ಮದುವೆಯ ಮನೆಯಲ್ಲಿ ಮುನಿದ ಬೀಗರು 'ಅವರು ಮೊದಲು ಮಾತಾಡಲಿ' ಎಂದು ಎರಡು ಕೋಣೆಗಳಲ್ಲಿ ಕೂತರೆ ಊಟದ ಪಂಕ್ತಿ ಏಳುವುದೇ ಇಲ್ಲವಲ್ಲ, ಹಾಗೆ. ಯಾವ ಭಾಗವೂ ಕೆಟ್ಟಿಲ್ಲ. ಪ್ರತಿಯೊಬ್ಬನೂ ತನ್ನದನ್ನು ಹಿಡಿದುಕೊಂಡು ಮತ್ತೊಬ್ಬನದಕ್ಕೆ ಕಾಯುತ್ತಿದ್ದಾನೆ.

ರೈಲಿನ ಹಳಿಯಿಂದ ಬಂದ ಬುದ್ಧಿ

ಪುಣೆಯಿಂದ ಮಿರಜದ ಮೇಲೆ ಬೆಳಗಾವಿ, ಹುಬ್ಬಳ್ಳಿಗೆ ಓಡಾಡಿದ ನಮ್ಮ ಹಿರಿಯ ವಾಚಕರಿಗೆ ಒಂಟಿ ಹಳಿಯ ಪ್ರಯಾಣ ಮರೆತಿರಲಿಕ್ಕಿಲ್ಲ. ಯಾವುದೋ ಚಿಕ್ಕ ನಿಲ್ದಾಣದಲ್ಲಿ ಗಾಡಿ ನಿಂತೇ ಬಿಡುವುದು. 'ಕ್ರಾಸಿಂಗ್ ಅದ' ಎಂದು ಯಾರೋ ಹೇಳುವರು. ಎದುರಿನ ಗಾಡಿ ಬಂದು ಪಕ್ಕಕ್ಕೆ ನಿಂತ ಮೇಲೆ ಚಾಲಕನ ಕೈಗೆ ಬಳೆಯಂಥ ದೊಡ್ಡ ರಿಂಗಿಗೆ ಕಟ್ಟಿದ ಒಂದು ಚೀಲ ಬರುವುದು. ಅದರೊಳಗೆ ಒಂದು ಲೋಹದ ಗುಂಡು. ಅದೇ ಟೋಕನ್. ಎರಡು ನಿಲ್ದಾಣಗಳ ನಡುವಿನ ಹಳಿಗೆ ಒಂದು ಹೊತ್ತಿಗೆ ಒಂದೇ ಟೋಕನ್ ಹೊರಬರುವಂತೆ ಆ ಯಂತ್ರಗಳನ್ನು ಬೆಸೆದಿರುತ್ತಾರೆ. ಟೋಕನ್ ಕೈಯಲ್ಲಿಲ್ಲದ ಚಾಲಕ ಹಳಿಯ ಆ ತುಂಡನ್ನು ಹೊಗುವಂತಿಲ್ಲ. ಗಣಕಯಂತ್ರದ ಬೀಗವೆಂದರೆ ಇಷ್ಟೆ.

ಈ ಹೋಲಿಕೆ ನಮ್ಮ ಕಲ್ಪನೆಯಲ್ಲ. ಗಣಕವಿಜ್ಞಾನಿಗಳೇ ತಮ್ಮ ಬೀಗಕ್ಕೆ ಸೆಮಾಫೋರ್ ಎಂದು, ಎಂದರೆ ರೈಲ್ವೆಯ ಕೈಮರದ ಹೆಸರನ್ನು ಇಟ್ಟರು. ಹಾಗೆ ಇಟ್ಟವನು ಹಾಲೆಂಡಿನ ಎಡ್ಸ್‌ಖರ್ ಡೈಕ್‌ಸ್ಟ್ರಾ (1930–2002).

ಆ ಕಾಲ ಎಂಥದೆಂದು ನೋಡೋಣ. 1950ರ ದಶಕದ ಯಂತ್ರಗಳು ಸಾಮಾನ್ಯವಾಗಿ ಒಂದು ಹೊತ್ತಿಗೆ ಒಂದೇ ಕೆಲಸ ಮಾಡುತ್ತಿದ್ದುವು. ಒಬ್ಬನೇ ಇರುವ ಮನೆಯಲ್ಲಿ ಬಚ್ಚಲಿಗೆ ಚಿಲಕವೇಕೆ? 1962ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಅಟ್ಲಾಸ್ ಎಂಬ ಯಂತ್ರ ಕೆಲಸಕ್ಕೆ ನಿಂತಿತು. ಸ್ಮರಣಕೋಶವನ್ನು 512 ಪದಗಳ ಪುಟಗಳಾಗಿ ಭಾಗಿಸಿ, ಬೇಕಾದ ಪುಟವನ್ನು ಒಳಗೆ ತಂದು, ಬೇಡವಾದುದನ್ನು ತಿರುಗುವ ಡ್ರಮ್ಮಿಗೆ ಕಳಿಸುವ ಏರ್ಪಾಡು ಅದರಲ್ಲಿತ್ತು. ಮೇಜಿನ ಮೇಲೆ ಹಿಡಿಸದ ಕಡತ ಕಪಾಟಿಗೆ, ಬೇಕಾದಾಗ ಮತ್ತೆ ಮೇಜಿಗೆ. ಇಂದು ನಮ್ಮ ಜೇಬಿನಲ್ಲಿರುವ ಫೋನು ಸಹ ಇದನ್ನೇ ಮಾಡುತ್ತದೆ. ಆದರೆ ಪುಟಗಳು ಓಡಾಡಲು ತೊಡಗಿದ ಮೇಲೆ, ಓಡಾಡುತ್ತಿರುವ ಪುಟವನ್ನು ಇನ್ನೊಬ್ಬ ಮುಟ್ಟದಂತೆ ಬೀಗವೂ ಬೇಕಾಯಿತು.

ಡೈಕ್‌ಸ್ಟ್ರಾ ಇನ್ನೂ ಮೊದಲೇ, 1950ರ ದಶಕದ ಕೊನೆಯಲ್ಲಿ, ಎಕ್ಸ್-1 ಎಂಬ ಯಂತ್ರಕ್ಕೆ ಪ್ರೋಗ್ರಾಂ ಬರೆದಿದ್ದ. ಹೊರಗಿನ ಸಲಕರಣೆ ಯಾವ ಕ್ಷಣದಲ್ಲಾದರೂ 'ಇತ್ತ ನೋಡು' ಎಂದು ಕೆಲಸದ ನಡುವೆ ತಡೆಯಬಲ್ಲ ಯಂತ್ರ ಅದು. ಇಂಥ ಯಂತ್ರದಲ್ಲಿ ಬರುವ ದೋಷವನ್ನು ಮತ್ತೆ ಮಾಡಿ ತೋರಿಸಲಾಗದು ಎಂಬುದು ಅವನಿಗೆ ಆಗಲೇ ಹೊಳೆದು ಹೆದರಿಕೆ ಹುಟ್ಟಿಸಿತು. ನಿನ್ನೆ ನಿಂತ ಯಂತ್ರ ಇಂದು ಅದೇ ಕೆಲಸ ಕೊಟ್ಟರೆ ನಿಲ್ಲುವುದಿಲ್ಲ. ಎರಡು ಕೆಲಸಗಳು ತಾಕುವ ಆ ಒಂದು ಕ್ಷಣ ಮತ್ತೆ ಒದಗಬೇಕಲ್ಲ!

ಐಂದ್‌ಹೋವನ್ ಎಂಬ ಊರಿನ ತಾಂತ್ರಿಕ ವಿದ್ಯಾಲಯದಲ್ಲಿ ಅವನೂ ಕೆಲವೇ ಸಂಗಡಿಗರೂ ಸೇರಿ ಕಟ್ಟಿದ ಆಪರೇಟಿಂಗ್ ಸಿಸ್ಟಮ್ಮಿನ ವಿವರ 1968ರಲ್ಲಿ ಅಚ್ಚಾಯಿತು. ದೋಷ ಬಂದ ಮೇಲೆ ಹುಡುಕುವುದಕ್ಕಿಂತ ಬಾರದಂತೆಯೇ ಕಟ್ಟಬೇಕೆಂಬುದು ಅವನ ಹಟ. ಇಡೀ ವ್ಯವಸ್ಥೆಯನ್ನು ಅಂತಸ್ತು ಅಂತಸ್ತಾಗಿ ಕಟ್ಟಿದ. ಮೇಲಿನ ಅಂತಸ್ತು ಕೆಳಗಿನದನ್ನು ಕೇಳಬಹುದು, ಕೆಳಗಿನದು ಮೇಲಿನದಕ್ಕೆ ಕಾಯುವಂತಿಲ್ಲ. ಕಾಯುವವರ ಸಾಲು ಎಂದೂ ಸುತ್ತಿ ಬಂದು ಮೊದಲಿನವನ ಬೆನ್ನಿಗೆ ಸೇರಬಾರದು. 1965ರ ಒಂದು ಬರಹದಲ್ಲಿ ಈ ಸುತ್ತಿಗೆ ಅವನು ಇಟ್ಟ ಹೆಸರಿನ ಅರ್ಥ 'ಸಾವಿನ ಅಪ್ಪುಗೆ'. ಧೃತರಾಷ್ಟ್ರನ ಅಪ್ಪುಗೆಯ ಕಥೆ ಕೇಳಿದ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಅದೇ 1968ರಲ್ಲಿ ಅಮೆರಿಕದ ಐ.ಬಿ.ಎಂ. ಕಂಪನಿಯ ಹ್ಯಾವೆಂಡರ್ ಎಂಬವನು ಇನ್ನೂ ಸರಳವಾದ ಉಪಾಯವನ್ನು ಪ್ರಕಟಿಸಿದ. ಬೀಗಗಳಿಗೆಲ್ಲ ಒಂದು ಅನುಕ್ರಮ ಗೊತ್ತುಮಾಡಿ. ಯಾರೇ ಆಗಲಿ ಮೊದಲು ಒಂದನೆಯದು, ಆಮೇಲೆ ಎರಡನೆಯದು, ಆಮೇಲೆ ಮೂರನೆಯದು ಎಂದೇ ಹಿಡಿಯಬೇಕು. ಎರಡನೆಯದನ್ನು ಹಿಡಿದುಕೊಂಡು ಒಂದನೆಯದಕ್ಕೆ ಕೈಚಾಚುವಂತಿಲ್ಲ. ಎಲ್ಲರೂ ಒಂದೇ ದಿಕ್ಕಿನಲ್ಲಿ ನಡೆದರೆ ಎದುರುಬದುರಾಗಿ ನಿಲ್ಲುವ ಪ್ರಮೇಯವೇ ಇಲ್ಲ.

1971ರಲ್ಲಿ ಕಾಫ್‌ಮನ್, ಎಲ್ಫಿಕ್, ಶೋಶಾನಿ ಎಂಬ ಮೂವರು ಈ ರೋಗದ ಲಕ್ಷಣಗಳನ್ನು ನಾಲ್ಕಾಗಿ ವಿಂಗಡಿಸಿದರು. ವಸ್ತು ಒಂದು ಹೊತ್ತಿಗೆ ಒಬ್ಬನಿಗೇ ಸೇರತಕ್ಕದ್ದು. ಒಬ್ಬನು ಒಂದನ್ನು ಹಿಡಿದುಕೊಂಡೇ ಇನ್ನೊಂದಕ್ಕೆ ಕಾಯುತ್ತಾನೆ. ಅವನ ಕೈಯಿಂದ ಕಸಿಯುವಂತಿಲ್ಲ. ಕಾಯುವವರ ಸಾಲು ಸುತ್ತಾಗಿ ಕೂಡಿಕೊಂಡಿದೆ. ನಾಲ್ಕೂ ಕೂಡಿದರೆ ಮಾತ್ರ ಹ್ಯಾಂಗ್. ಒಂದನ್ನು ಕಡಿದರೆ ಸಾಕು, ಬಿಡುಗಡೆ. ನಮ್ಮ ಪಿಂಚಣಿ ಕಡತಕ್ಕೆ ಇದನ್ನು ಹೊಂದಿಸಿ ನೋಡಿ. ನಾಲ್ಕೂ ಅಚ್ಚುಕಟ್ಟಾಗಿ ಕೂಡುತ್ತವೆ.

ನಮ್ಮ ಪುಣೆಯಲ್ಲಿ

ನಿಗಡಿಯಿಂದ ಪುಣೆ ಪೇಟೆಗೆ ಹೋಗುವಾಗ ಗಣೇಶಖಿಂಡದಲ್ಲಿ ವಿಶ್ವವಿದ್ಯಾಲಯದ ಆವರಣ ಸಿಗುತ್ತದೆ. 1988ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಸಿ-ಡ್ಯಾಕ್ ಸಂಸ್ಥೆ ಅಲ್ಲಿ ನೆಲೆಯೂರಿತು. ಕ್ರೇ ಎಂಬ ಮಹಾಗಣಕವನ್ನು ಅಮೆರಿಕ ನಮಗೆ ಕೊಡಲು ಒಪ್ಪದೆ ಹೋದುದರಿಂದ, ನಾವೇ ಕಟ್ಟೋಣ ಎಂಬ ಛಲದಿಂದ ಹುಟ್ಟಿದ ಸಂಸ್ಥೆ ಅದು. ವಿಜಯ ಭಟಕರ ಅವರ ಮುಂದಾಳತನದಲ್ಲಿ 1991ರಲ್ಲಿ ಪರಮ್ 8000 ಸಿದ್ಧವಾಯಿತು. ಅದಕ್ಕೂ ಮೊದಲೇ, 1986ರಲ್ಲಿ, ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಶಾಲೆಯಲ್ಲಿ ಫ್ಲೋಸಾಲ್ವರ್ ಎಂಬ ಯಂತ್ರ ತಯಾರಾಗಿತ್ತೆಂಬುದನ್ನು ಕನ್ನಡಿಗರಾದ ನಾವು ಹೇಳಿಕೊಳ್ಳಲೇಬೇಕು. ಎರಡರ ಸೂತ್ರವೂ ಒಂದೇ. ಒಬ್ಬ ಪೈಲವಾನನ ಬದಲು ಹಲವು ಜನ ಸಾಧಾರಣ ಆಳುಗಳನ್ನು ಒಟ್ಟಿಗೆ ಹಚ್ಚುವುದು.

ಪರಮ್ 8000ದಲ್ಲಿ ಟ್ರಾನ್ಸ್‌ಪ್ಯೂಟರ್ ಎಂಬ ಚಿಪ್ಪುಗಳಿದ್ದುವು. ಪ್ರತಿಯೊಂದಕ್ಕೂ ತನ್ನದೇ ಸ್ಮರಣಕೋಶ. ಯಾರೂ ಯಾರ ಪುಸ್ತಕವನ್ನೂ ಮುಟ್ಟುವಂತಿಲ್ಲ, ಬೇಕಾದುದನ್ನು ಚೀಟಿ ಬರೆದು ಕೇಳಬೇಕು. ಹಾಗಾದರೆ ಬೀಗದ ಕಾಟ ತಪ್ಪಿತಲ್ಲ ಎಂದು ನಾವು ಅಂದುಕೊಳ್ಳಬಹುದು. ಇಲ್ಲ! ಟ್ರಾನ್ಸ್‌ಪ್ಯೂಟರಿನಲ್ಲಿ ಚೀಟಿ ಕೊಡುವವನು, ತೆಗೆದುಕೊಳ್ಳುವವನು ಕೈನೀಡುವ ತನಕ ಚೀಟಿ ಹಿಡಿದುಕೊಂಡೇ ನಿಲ್ಲಬೇಕು. ಇಬ್ಬರೂ ಒಂದೇ ಹೊತ್ತಿಗೆ ಒಬ್ಬರಿಗೊಬ್ಬರು ಚೀಟಿ ಚಾಚಿದರೆ? ಇಬ್ಬರ ಕೈಯೂ ಕೊಡುವ ಕೈ, ತೆಗೆದುಕೊಳ್ಳುವ ಕೈ ಇಲ್ಲ. ಇಬ್ಬರೂ ಕಲ್ಲಾಗಿ ನಿಂತರು. ಅಂಥ ಯಂತ್ರಗಳಿಗೆ ಪ್ರೋಗ್ರಾಂ ಬರೆಯುವವರು ಮೊದಲು ಕಲಿಯಬೇಕಾದ ಪಾಠವೇ ಇದು. ಬೀಗ ತೆಗೆದರೂ ಕಾಯುವುದು ತಪ್ಪಲಿಲ್ಲ, ಕಾಯುವುದಿದ್ದಲ್ಲಿ ಸುತ್ತೂ ತಪ್ಪಲಿಲ್ಲ.

ಮಂಗಳನ ಅಂಗಳದಲ್ಲಿ

ಇನ್ನು ಈ ಇತಿಹಾಸದಲ್ಲಿ ಎಲ್ಲಕ್ಕಿಂತ ಸೋಜಿಗದ ಪ್ರಸಂಗ. 1997ರ ಜುಲೈ 4ರಂದು ಅಮೆರಿಕದ ಪಾಥ್‌ಫೈಂಡರ್ ನೌಕೆ ಮಂಗಳಗ್ರಹದಲ್ಲಿ ಇಳಿಯಿತು. ಸೋಜರ್ನರ್ ಎಂಬ ಪುಟ್ಟ ಗಾಡಿ ಅಲ್ಲಿಯ ಕೆಂಪು ನೆಲದ ಮೇಲೆ ಓಡಾಡಿತು. ಕೆಲವು ದಿನ ಕಳೆಯಿತು. ನೌಕೆಯ ಗಣಕಯಂತ್ರ ಇದ್ದಕ್ಕಿದ್ದಂತೆ ತನ್ನನ್ನು ತಾನೇ ಆರಿಸಿ ಮತ್ತೆ ಹೊತ್ತಿಸಿಕೊಳ್ಳತೊಡಗಿತು. ಹಾಗಾದಾಗಲೆಲ್ಲ ಆ ದಿನ ಉಳಿದ ಕೆಲಸ ಮಾರನೆಯ ದಿನಕ್ಕೆ. ಅಲ್ಲಿಗೆ ಹೋಗಿ ರಿಪೇರಿ ಮಾಡುವವರಾರು? ಒಂದು ಸಂದೇಶ ಮುಟ್ಟಲು ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು!

ನಡೆದುದು ಹೀಗೆ. ನೌಕೆಯ ಕೆಲಸಗಳಲ್ಲಿ ಮೇಲು, ನಡು, ಕೆಳಗು ಎಂದು ದರ್ಜೆಗಳಿದ್ದುವು. ಮೇಲಿನ ದರ್ಜೆಯವನು ಬಂದರೆ ಕೆಳಗಿನವನು ಕೂಡಲೆ ಕುರ್ಚಿ ಬಿಡಬೇಕು. ಹವಾಮಾನದ ಅಂಕಿಗಳನ್ನು ಕಲೆಹಾಕುವ ಕೆಲಸ ಕೆಳಗಿನ ದರ್ಜೆಯದು. ಅದು ತನ್ನ ಅಂಕಿಗಳನ್ನು ರವಾನಿಸುವಾಗ ಕ್ಷಣಕಾಲ ಒಂದು ಬೀಗ ಹಿಡಿಯುತ್ತಿತ್ತು. ಎಲ್ಲ ಕಡೆ ಮಾಹಿತಿ ಹಂಚುವ ಕೆಲಸ ಮೇಲಿನ ದರ್ಜೆಯದು. ಅದಕ್ಕೂ ಅದೇ ಬೀಗ ಬೇಕು, ಆದ್ದರಿಂದ ಕಾದು ನಿಂತಿತು. ಅಷ್ಟರಲ್ಲಿ ನಡುವಿನ ದರ್ಜೆಯ ಕೆಲಸಗಳು ಬಂದು, ನಿಯಮದ ಪ್ರಕಾರವೇ, ಕೆಳಗಿನವನನ್ನು ಕುರ್ಚಿಯಿಂದ ಎಬ್ಬಿಸಿದುವು. ಬೀಗ ಕೆಳಗಿನವನ ಕೈಯಲ್ಲಿ, ಅದನ್ನು ಬಿಟ್ಟುಕೊಡುವಷ್ಟು ಕೆಲಸ ಮುಗಿಸಲು ಅವನಿಗೆ ಕುರ್ಚಿಯೇ ಇಲ್ಲ. ಸಾಹೇಬರು ಸಿಪಾಯಿಗೆ ಕಾಯುತ್ತಿದ್ದಾರೆ, ಸಿಪಾಯಿಯನ್ನು ನಡುವಿನ ಬಾಬುಗಳು ಬಿಡುತ್ತಿಲ್ಲ. ಇದು ಪೂರ್ತಿ ಸುತ್ತಲ್ಲ, ಆದರೆ ಫಲ ಒಂದೇ. ಹಂಚುವ ಕೆಲಸ ಹೊತ್ತಿಗೆ ಮುಗಿಯದಿರುವುದನ್ನು ಕಂಡ ಮೇಲ್ವಿಚಾರಕ ಪ್ರೋಗ್ರಾಂ, ಏನೋ ಅನಾಹುತವಾಗಿದೆಯೆಂದು ಇಡೀ ಯಂತ್ರವನ್ನು ಮತ್ತೆ ಮೊದಲಿನಿಂದ ಎಬ್ಬಿಸುತ್ತಿತ್ತು.

ಹುಡುಕಿದ ಬಗೆ ನಮ್ಮಂಥ ಗುಮಾಸ್ತರಿಗೆ ಮೆಚ್ಚುಗೆಯಾಗುವಂಥದು. ಯಾವ ಕೆಲಸ ಯಾವಾಗ ಎದ್ದಿತು, ಯಾವಾಗ ಯಾವ ಬೀಗ ಹಿಡಿಯಿತು ಎಂದು ಬರೆದಿಡುವ ಸೌಕರ್ಯ ಆ ಪ್ರೋಗ್ರಾಮಿನಲ್ಲಿ ಮೊದಲಿನಿಂದಲೇ ಇತ್ತು. ಹಾರಾಟಕ್ಕೆ ಮುನ್ನ ಅದನ್ನು ತೆಗೆದುಹಾಕಿರಲಿಲ್ಲ. ಪ್ರಯೋಗಾಲಯದವರು ಭೂಮಿಯ ಮೇಲೆ ಇಟ್ಟುಕೊಂಡಿದ್ದ ಅಂಥದೇ ಯಂತ್ರದಲ್ಲಿ ಅದನ್ನು ಚಾಲೂ ಮಾಡಿ, ಮಂಗಳದ ಮೇಲಿನ ಕೆಲಸದ ಒತ್ತಡವನ್ನೇ ಹೇರಿ ಕಾದು ಕುಳಿತರು. ಒಂದು ದಿನ ತುಂಬುವ ಮೊದಲೇ ಯಂತ್ರ ನಿಂತಿತು. ದಿನಚರಿ ಬಿಚ್ಚಿದರು. ಯಾರು ಹಿಡಿದಿದ್ದಾರೆ, ಯಾರು ಕಾಯುತ್ತಿದ್ದಾರೆ, ಯಾರು ನಡುವೆ ನುಗ್ಗಿದ್ದಾರೆ ಎಂಬುದೆಲ್ಲ ಅದರಲ್ಲಿ ಬರೆದಿತ್ತು.

ಔಷಧವೂ ಸಿದ್ಧವಿತ್ತು. 1990ರಲ್ಲಿ ಷಾ, ರಾಜಕುಮಾರ್, ಲೆಹೋಟ್ಸ್ಕಿ ಎಂಬ ಮೂವರು ಒಂದು ಪ್ರಬಂಧದಲ್ಲಿ ತೋರಿಸಿಕೊಟ್ಟಿದ್ದ ನಿಯಮ ಅದು. ದೊಡ್ಡವನು ಯಾರಿಗಾಗಿ ಕಾಯುತ್ತಿದ್ದಾನೋ ಅವನಿಗೆ ಬೀಗ ಬಿಡುವ ತನಕ ದೊಡ್ಡವನ ದರ್ಜೆಯೇ ಬರಲಿ, ನಡುವಿನವರು ಅವನನ್ನು ಎಬ್ಬಿಸದಿರಲಿ. ಇವರಲ್ಲಿ ರಾಜಕುಮಾರ್ ಭಾರತದವರು. ನೌಕೆಯ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಈ ಸೌಕರ್ಯವಿತ್ತು, ಆ ಒಂದು ಬೀಗಕ್ಕೆ ಮಾತ್ರ ಅದನ್ನು ಹಚ್ಚಿರಲಿಲ್ಲ. ಭೂಮಿಯಿಂದ ಸಣ್ಣ ತಿದ್ದುಪಡಿ ಕಳಿಸಿ ಹಚ್ಚಿದರು. ಕಾಟ ನಿಂತಿತು.

ಇದರಲ್ಲಿ ಮರೆಯಬಾರದ ಇನ್ನೊಂದು ಮಾತುಂಟು. ನೌಕೆ ಹೊರಡುವ ಮೊದಲೂ ಇಂಥ ತಡೆ ಕಾಣಿಸಿತ್ತು. ಮತ್ತೆ ಮಾಡಿ ತೋರಿಸಲು ಆಗದ್ದರಿಂದ, ಇಳಿಯುವ ಹೊತ್ತಿನ ಹೆಚ್ಚು ಅಪಾಯದ ಭಾಗಗಳ ಕಡೆಗೆ ಗಮನ ಹೋಯಿತು. ಡೈಕ್‌ಸ್ಟ್ರಾನನ್ನು ನಾಲ್ವತ್ತು ವರ್ಷಗಳ ಹಿಂದೆ ಹೆದರಿಸಿದ ಭೂತ ಮಂಗಳದವರೆಗೂ ಬೆನ್ನು ಬಿಡಲಿಲ್ಲ.

ದೊಡ್ಡ ಬೀಗದಿಂದ ಸಣ್ಣ ಬೀಗಗಳಿಗೆ

ಕಾಕುಗಳ ಮಗ ಕೆಲಸ ಮಾಡುವುದು ಲಿನಕ್ಸ್ ಎಂಬ ಕರ್ನೆಲ್ಲಿನ ಮೇಲೆ. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿ, ಆಮೇಲೆ ಲೋಕದ ಸಾವಿರಾರು ಜನ ಕೈಗೂಡಿಸಿ ಬೆಳೆಸಿದ್ದು ಅದು. 1996ರಲ್ಲಿ ಅದು ಒಂದಕ್ಕಿಂತ ಹೆಚ್ಚು ಸಂಸ್ಕಾರಕಗಳ ಯಂತ್ರಕ್ಕೂ ಒಗ್ಗಿಕೊಂಡಿತು. ಆಗ ಸುಲಭದ ದಾರಿ ಹಿಡಿದು ಇಡೀ ಕರ್ನೆಲ್ಲಿಗೆ ಒಂದೇ ದೊಡ್ಡ ಬೀಗ ಹಾಕಿದರು. ಇಡೀ ಕಚೇರಿಗೆ ಒಂದೇ ಕೀಲಿಕೈ ಇದ್ದಂತೆ, ಒಬ್ಬ ಒಳಗಿದ್ದರೆ ಉಳಿದವರು ಹೊರಗೆ. ಜಗಳವಿಲ್ಲ, ಕೆಲಸವೂ ಸಾಗದು. ಆದ್ದರಿಂದ ಕಪಾಟಿಗೊಂದು, ಖಾನೆಗೊಂದು, ಪುಟಕ್ಕೊಂದು ಎಂದು ಬೀಗಗಳನ್ನು ಸಣ್ಣದು ಮಾಡುತ್ತ ಬಂದರು. ದೊಡ್ಡ ಬೀಗವನ್ನು ಪೂರ್ತಿ ಕಿತ್ತುಹಾಕಲು 2011ರವರೆಗೆ, ಹದಿನೈದು ವರ್ಷ ಹಿಡಿಯಿತು. ಕೆಲಸ ಚುರುಕಾಯಿತು. ಬೀಗಗಳು ಸಾವಿರಾರು ಆದುವು. ಸುತ್ತು ಬೀಳುವ ಸಂಭವವೂ ಅಷ್ಟೇ ಹೆಚ್ಚಿತು.

ಸ್ಮರಣಕೋಶದ ಮಟ್ಟಿಗೆ ಒಂದು ನಿಜವಾದ ಉದಾಹರಣೆ ಕೊಡುತ್ತೇವೆ. ಒಂದು ಕಡತದ 7ನೆಯ ಪುಟಕ್ಕೆ ಏನನ್ನೋ ನಕಲು ಮಾಡಬೇಕು. ಬರೆಯುವವನು ಪುಟಕ್ಕೆ ಬೀಗ ಹಾಕಿದ. ನಕಲು ಮಾಡಬೇಕಾದ ಮೂಲ ಎಲ್ಲಿದೆಯೆಂದು ನೋಡಿದರೆ ಅದೂ ಅದೇ 7ನೆಯ ಪುಟ, ಬೇರೊಂದು ದಾರಿಯಿಂದ ಕಾಣುತ್ತಿದೆ ಅಷ್ಟೆ. ಆ ದಾರಿಯಲ್ಲಿ ಪುಟ ಇನ್ನೂ ಒದಗಿಲ್ಲ. ಒದಗಿಸಲು ಹೋದರೆ 'ಪುಟಕ್ಕೆ ಬೀಗವಿದೆ, ಹಾಕಿದವನು ತೆಗೆಯುವ ತನಕ ಕಾಯಿರಿ' ಎಂದು ಉತ್ತರ. ಹಾಕಿದವನು ಯಾರು? ತಾನೇ! ಮನೆಗೆ ಬೀಗ ಜಡಿದು ಕೀಲಿಕೈ ಒಳಗೇ ಬಿಟ್ಟವನ ಪಾಡು. ಇದರದೇ ಇನ್ನೊಂದು ರೂಪದಲ್ಲಿ ಇಬ್ಬರಿರುತ್ತಾರೆ. ಒಬ್ಬ ಪುಟದ ಬೀಗ ಹಿಡಿದು, ಪುಟ ಎಲ್ಲಿದೆಯೆಂದು ಹೇಳುವ ಅನುಕ್ರಮಣಿಕೆಯ ಬೀಗಕ್ಕೆ ಕಾಯುತ್ತಾನೆ. ಇನ್ನೊಬ್ಬ ಅನುಕ್ರಮಣಿಕೆಯ ಬೀಗ ಹಿಡಿದು ಪುಟದ ಬೀಗಕ್ಕೆ ಕಾಯುತ್ತಾನೆ. ವರ್ಷಗಟ್ಟಲೆ ತೇಪೆ ಹಾಕಿ, ಕಡೆಗೆ 2007ರ ಹೊತ್ತಿಗೆ ನಿಕ್ ಪಿಗ್ಗಿನ್ ಎಂಬವರು ಬರೆಯುವ ಕ್ರಮವನ್ನೇ ಹೊಸದಾಗಿ ಕಟ್ಟಿದ ಮೇಲೆ ಇದಕ್ಕೆ ಸರಿಯಾದ ಪರಿಹಾರವಾಯಿತು.

ಇಂಥದನ್ನು ಹುಡುಕುವುದು ಹೇಗೆ? ನಿಂತ ಯಂತ್ರ ಬಾಯಿ ಬಿಡುವುದಿಲ್ಲವಲ್ಲ? ಪೂರ್ತಿ ನಿಲ್ಲುವ ಮೊದಲು ಅದು ಸುಳಿವು ಕೊಡುತ್ತದೆ. ಒಂದು ಕೆಲಸ 120 ಸೆಕೆಂಡು ಮಿಸುಕದೆ ಕಾದು ನಿಂತರೆ ಕರ್ನೆಲ್ ಅದರ ಹೆಸರನ್ನೂ ಅದು ನಿಂತ ಜಾಗವನ್ನೂ ತನ್ನ ದಿನಚರಿಯಲ್ಲಿ ಬರೆಯುವಂತೆ ಮಾಡಿದ್ದಾರೆ. ಕೀಲಿಮಣೆಯ ಒಂದು ವಿಶೇಷ ಕೀಲಿಯಿಂದ, ಎಷ್ಟೋ ವೇಳೆ ಸ್ತಬ್ಧವಾದಂತೆ ಕಾಣುವ ಯಂತ್ರದಿಂದಲೂ ಎಲ್ಲ ಕೆಲಸಗಳ ಹಾಜರಿ ಪಟ್ಟಿ ತೆಗೆಯಬಹುದು. ಹುಡುಕುವವನು ಆ ಪಟ್ಟಿಯಲ್ಲಿ ಒಬ್ಬೊಬ್ಬನನ್ನೂ ಎರಡೇ ಪ್ರಶ್ನೆ ಕೇಳುತ್ತ ಹೋಗುತ್ತಾನೆ. ನಿನ್ನ ಕೈಯಲ್ಲಿ ಏನಿದೆ? ನೀನು ಯಾರಿಗೆ ಕಾಯುತ್ತಿದ್ದೀಯೆ? ಉತ್ತರಗಳನ್ನು ಗೆರೆ ಎಳೆದು ಜೋಡಿಸಿದಾಗ ಗೆರೆ ಎಲ್ಲಿ ಸುತ್ತಿ ಬರುತ್ತದೋ ಅಲ್ಲಿ ರೋಗ.

2006ರಲ್ಲಿ ಹಂಗೇರಿಯ ಇಂಗೊ ಮೋಲ್ನಾರ್ ಎಂಬವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅವರು ಬರೆದ ಪರೀಕ್ಷಕ ಪ್ರೋಗ್ರಾಂ ಪ್ರತಿಯೊಂದು ಬೀಗವನ್ನೂ ಯಾವುದಾದ ಮೇಲೆ ಯಾವುದು ಹಿಡಿದರು ಎಂದು ಬರೆದಿಡುತ್ತದೆ. ಸೋಮವಾರ ಒಬ್ಬ ಮೊದಲು ಪುಟ, ಆಮೇಲೆ ಅನುಕ್ರಮಣಿಕೆ ಹಿಡಿದ. ಗುರುವಾರ ಇನ್ನೊಬ್ಬ ಮೊದಲು ಅನುಕ್ರಮಣಿಕೆ, ಆಮೇಲೆ ಪುಟ ಹಿಡಿದ. ಎರಡು ದಿನವೂ ಯಂತ್ರ ನಿಲ್ಲಲಿಲ್ಲ. ಆದರೂ ಪರೀಕ್ಷಕ ಗುರುವಾರವೇ ಕೂಗಿ ಹೇಳುತ್ತದೆ: ಈ ಇಬ್ಬರೂ ಒಂದೇ ಹೊತ್ತಿಗೆ ಬಂದ ದಿನ ಹ್ಯಾಂಗ್ ಆಗುವುದು ಖಂಡಿತ. ಮತ್ತೆ ಮಾಡಿ ತೋರಿಸಲಾಗದ ದೋಷವನ್ನು ಅದು ಆಗುವ ಮೊದಲೇ ಹಿಡಿಯುವ ದಾರಿ ಇದು. ಹ್ಯಾವೆಂಡರನ 1968ರ ಅನುಕ್ರಮದ ನಿಯಮವನ್ನೇ ಕಾವಲಿಗೆ ನಿಲ್ಲಿಸಿದಂತಾಯಿತು.

ಕಡೆಯ ಮಾತು

ಕಾಕುಗಳ ಮಗ ಹದಿನಾಲ್ಕನೆಯ ರಾತ್ರಿ ಸುತ್ತನ್ನು ಕಂಡುಹಿಡಿದ. ಇಬ್ಬರು ಬೇರೆ ಬೇರೆ ವರ್ಷಗಳಲ್ಲಿ ಬರೆದ ಎರಡು ತುಂಡುಗಳು, ಪ್ರತ್ಯೇಕವಾಗಿ ನೋಡಿದರೆ ಎರಡೂ ಸರಿ, ಬೀಗ ಹಿಡಿಯುವ ಅನುಕ್ರಮ ಮಾತ್ರ ಹಿಂದುಮುಂದು. ತಿದ್ದಿದ್ದು ನಾಲ್ಕು ಸಾಲು.

"ನಾಕ ಸಾಲಿಗೆ ಹದಿನಾಲ್ಕ ರಾತ್ರಿ ಏನು?" ಎಂದರು ಕಾಕು.

"ಯಾವ ನಾಕು ಅಂತ ಗೊತ್ತಾಗ್ಲಿಕ್ಕೆ, ಅವ್ವಾ," ಎಂದ ಮಗ.

ನಮ್ಮ ಕಚೇರಿಯ ಕಡತದ ಸುದ್ದಿ ಹೇಳದೆ ಮುಗಿಸುವಂತಿಲ್ಲ. ಇದನ್ನೆಲ್ಲ ಓದುತ್ತಿದ್ದ ದಿನಗಳಲ್ಲೇ ಒಂದು ಮಧ್ಯಾಹ್ನ ನಾವು ಕಾಗದದ ಮೇಲೆ ಎರಡು ಅಂಕಣ ಎಳೆದೆವು. ಯಾರ ಬಳಿ ಏನಿದೆ, ಯಾರು ಏತಕ್ಕೆ ಕಾಯುತ್ತಿದ್ದಾರೆ. ಬರೆಯಲು ಐದು ನಿಮಿಷ ಹಿಡಿಯಿತು. ಎರಡೂ ಶಾಖೆಯ ಸೂಪರಿಂಟೆಂಡೆಂಟರನ್ನು ಚಹಾಕ್ಕೆ ಕರೆದು ಕಾಗದ ತೋರಿಸಿದೆವು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಸೇವಾ ಪುಸ್ತಕ ಮೊದಲು ಲೆಕ್ಕ ಶಾಖೆಗೆ, ಪತ್ರ ಆಮೇಲೆ, ಮುಂದೆ ಎಲ್ಲ ಪ್ರಕರಣಗಳಿಗೂ ಇದೇ ಅನುಕ್ರಮ ಎಂದು ಅಂದೇ ಟಿಪ್ಪಣಿ ಬರೆದು ಸಹಿ ಹಾಕಿದರು. ಆ ತಾಯಿಗೆ ಒಂಬತ್ತನೆಯ ತಿಂಗಳಲ್ಲಿ ಪಿಂಚಣಿ ಬಂತು. ಬಾಕಿಯೂ ಸೇರಿಯೇ ಬಂತು. ಆದರೆ ನಡುವಿನ ತಿಂಗಳುಗಳಲ್ಲಿ ಆಕೆ ಎರಡು ಬಳೆ ಮಾರಿದ್ದರೆಂದು ಆಮೇಲೆ ತಿಳಿಯಿತು. ಏಳು ತಿಂಗಳು ಆ ಕಡತದ ಸ್ಮರಣಪತ್ರಗಳನ್ನು ಟೈಪು ಮಾಡಿದವರು ನಾವೇ. ಎರಡು ಅಂಕಣ ಎಳೆಯುವುದು ನಮಗೆ ಮೊದಲ ತಿಂಗಳೇ ಹೊಳೆಯಲಿಲ್ಲ.

ಹಾಗೆಂದು ನಾವು ಪಂಡಿತರಾದೆವೆಂದಲ್ಲ. ಮಕ್ಕಳ ಕೆಲಸದಲ್ಲಿ ನಮಗೆ ತಿಳಿಯುವಂಥದೂ, ನಮ್ಮ ಕೆಲಸಕ್ಕೆ ಒದಗುವಂಥದೂ ಉಂಟು ಎಂಬುದಷ್ಟೇ ನಮ್ಮ ಅನುಭವ. ತಳವಡೆ, ಹಿಂಜವಡಿಗಳಲ್ಲಿ ದುಡಿಯುವ ನಮ್ಮ ಸಂಘದ ತರುಣ ತರುಣಿಯರು ತಮ್ಮ ರಾತ್ರಿಗಳ ಕಥೆಯನ್ನು ಮನೆಯ ಮಾತಿನಲ್ಲಿ ಈ ಪುಟಗಳಿಗೆ ಬರೆದು ಕಳಿಸಲಿ. ಇದರಲ್ಲಿ ನಮ್ಮ ತಪ್ಪುಗಳಿದ್ದರೆ ಅವರೇ ತಿದ್ದಲಿ. ಮೊದಲನೆಯದು ಕಾಕುಗಳ ಮಗನಿಂದ ಬರಬೇಕೆಂದು ಅವನಿಗೆ ಹೇಳಿಟ್ಟಿದ್ದೇವೆ. ಪುರುಸೊತ್ತಾದಾಗ ಬರೆಯುತ್ತೇನೆ ಅಂದಿದ್ದಾನೆ. ಕಾಯುತ್ತಿದ್ದೇವೆ.